ಕೊನೆಯ ಸಲ ಸರಿಯಾಗಿ ಆಗಿದ್ದು ಯಾವಾಗ? ವಿಕಲಚೇತನ ಹಿರಿಯರ ಹೊಟ್ಟೆಯ ಆರೈಕೆ ಕುರಿತು ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು ಹಾಗೂ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಕಲಬುರಗಿ

ಮಾನ್ಯರೇ,

ಈ ಪತ್ರದ ವಿಷಯ ಮಲಬದ್ಧತೆ. ವಿಕಲಚೇತನರ ವಸತಿ ಕೇಂದ್ರಗಳಲ್ಲಿ ವಯಸ್ಸಾಗುತ್ತಿರುವವರ ಹೊಟ್ಟೆ ಸರಿಯಾಗಿ ಖಾಲಿಯಾಗುತ್ತಿದೆಯೇ ಎಂದು ದಿನಾ ನೋಡುವುದು, ನೋಡಿದ್ದನ್ನು ಬರೆದಿಡುವುದು ಯಾರ ಕೆಲಸವೆಂದು ಎಲ್ಲಿಯೂ ಗೊತ್ತುಮಾಡಿಲ್ಲದಿರುವುದನ್ನು ಮತ್ತು ಅದರಿಂದ ಆಗುವ ಅಪಾಯವನ್ನು ತಮ್ಮ ಗಮನಕ್ಕೆ ತರಲು ಬರೆಯುತ್ತಿದ್ದೇನೆ. ನಾನು ಸರಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಅದಕ್ಕಿಂತ ಮುಖ್ಯವಾಗಿ, ಇಂಥ ಒಂದು ಕೇಂದ್ರದಲ್ಲಿರುವ ವ್ಯಕ್ತಿಯೊಬ್ಬರ ತಂಗಿ.

ನಮ್ಮಣ್ಣನಿಗೆ ಈಗ 63 ವರ್ಷ. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ, ಕಾಲುಗಳಲ್ಲಿ ಬಲವಿಲ್ಲ, ಮಾತು ಬರುವುದಿಲ್ಲ. ಅವ್ವ ಇರುವ ತನಕ ಅವನ ಆರೈಕೆಯೆಲ್ಲ ಅವಳದೇ. ಬೆಳಿಗ್ಗೆ ರೊಟ್ಟಿ ಬಡಿದು ಅವನಿಗೆ ಉಣಿಸಿ, ಹಿತ್ತಲಲ್ಲಿ ಕೂರಿಸಿ, ಕೆಲಸವಾಗುವವರೆಗೆ ಅಲ್ಲೇ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ಒಂದು ದಿನ ಆಗದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಅವಳು ತೀರಿಕೊಂಡ ಮೇಲೆ ನಾನೂ ನೌಕರಿಯಲ್ಲಿದ್ದುದರಿಂದ ನಮ್ಮ ಜಿಲ್ಲೆಯ ಒಂದು ಕೇಂದ್ರದಲ್ಲಿ ಅವನನ್ನು ಸೇರಿಸಿದೆವು. ಅಲ್ಲಿಯ ಜನ ಒಳ್ಳೆಯವರು. ಅವನಿಗೆ ಹೊತ್ತು ಹೊತ್ತಿಗೆ ಊಟ, ಸ್ನಾನ, ಮಾತ್ರೆ ಸಿಗುತ್ತಿದ್ದವು. ಅವ್ವ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದ ಆ ಒಂದು ಲೆಕ್ಕ ಮಾತ್ರ ಅವಳೊಂದಿಗೇ ಹೋಯಿತು.

ಹೋದ ವರ್ಷ ಶರಣಬಸವೇಶ್ವರರ ತೇರು ಮುಗಿದು ಬಿಸಿಲು ಏರತೊಡಗಿದ್ದ ದಿನಗಳಲ್ಲಿ ಕೇಂದ್ರದಿಂದ ಫೋನ್ ಬಂತು. "ಅಕ್ಕಾವ್ರೇ, ಅಣ್ಣಾವ್ರಿಗಿ ನಿನ್ನಿಂದ ಜುಲಾಬ ಆಗ್ಲಾಕತ್ತದರಿ, ನೀರಿನಂಗ ಹೋಗ್ಲಾಕತ್ತದ," ಎಂದು ಆಯಾ ಹೇಳಿದಳು. ನಾನು ಓಆರ್‌ಎಸ್ ಕುಡಿಸಿ ಎಂದೆ, ಮೆತ್ತಗೆ ಅನ್ನ ಕಲಸಿ ಕೊಡಿ ಎಂದೆ. ಕೇಂದ್ರದವರು ಭೇದಿ ನಿಲ್ಲಿಸುವ ಮಾತ್ರೆಯನ್ನೂ ಮೂರು ದಿನ ಕೊಟ್ಟರು. ನಾಲ್ಕನೆಯ ದಿನ ಅವನಿಗೆ ವಾಂತಿಯಾಯಿತು. ನಾನು ಹೋಗಿ ನೋಡಿದಾಗ ಹೊಟ್ಟೆ ಹಲಗೆಯಂತೆ ಬಿಗಿದಿತ್ತು, ಬೆಳಗಿನಿಂದ ಮೂತ್ರವೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆ ಕೈಗವಸು ಹಾಕಿಕೊಂಡು ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಕೊನೆಯ ಸಲ ಸರಿಯಾಗಿ ಆಗಿದ್ದು ಯಾವಾಗ?" ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಜೊತೆಗೆ ಬಂದಿದ್ದ ಆಯಾಳ ಬಳಿಯೂ ಇರಲಿಲ್ಲ. ಕೇಂದ್ರದ ವಹಿಯನ್ನು ತರಿಸಿ ನೋಡಿದೆವು. ರಕ್ತದೊತ್ತಡ, ಮೂರ್ಛೆ ಬಂದ ತಾರೀಖು, ಮಾತ್ರೆ ಕೊಟ್ಟ ಹೊತ್ತು, ತೂಕ, ಸಂದರ್ಶಕರ ಹೆಸರು ಎಲ್ಲವೂ ಅದರಲ್ಲಿದ್ದವು. ವೈದ್ಯೆ ಕೇಳಿದ್ದಕ್ಕೆ ಮಾತ್ರ ಒಂದು ಕಾಲಮ್ಮೂ ಇರಲಿಲ್ಲ.

ಅಣ್ಣನಿಗೆ ಆಗಿದ್ದು ಭೇದಿಯಲ್ಲ. ಬಹಳ ದಿನದಿಂದ ದೊಡ್ಡ ಕರುಳಿನ ತುದಿಯಲ್ಲಿ ಮಲ ಕಲ್ಲಿನಂತೆ ಗಟ್ಟಿಯಾಗಿ ಕುಳಿತಿತ್ತು. ಹೂಳು ತುಂಬಿದ ಮೋರಿಯ ಅಂಚಿನಿಂದ ನೀರು ಜಿನುಗುವ ಹಾಗೆ, ಮೇಲಿನಿಂದ ಬಂದ ತೆಳುಮಲ ಆ ಗಟ್ಟಿಯ ಪಕ್ಕದಿಂದ ಜಾರಿ ಬಟ್ಟೆಗೆ ಹತ್ತುತ್ತಿತ್ತು. ನೋಡುವವರಿಗೆ ಅದು ಭೇದಿಯಾಗಿಯೇ ಕಾಣುತ್ತದೆ. ಆಗ ಭೇದಿ ನಿಲ್ಲಿಸುವ ಲೋಪೆರಮೈಡ್‌ನಂಥ ಮಾತ್ರೆ ಕೊಟ್ಟರೆ ಕರುಳಿನ ಚಲನೆ ಇನ್ನೂ ನಿಧಾನವಾಗಿ ಕಟ್ಟಿದ್ದು ಮತ್ತಷ್ಟು ಕಟ್ಟುತ್ತದೆ. ತುಂಬಿದ ಕರುಳು ಮೂತ್ರಕೋಶದ ಮೇಲೆ ಒತ್ತಿ ಮೂತ್ರವೂ ನಿಲ್ಲುತ್ತದೆ. ನರ್ಸಿಂಗ್ ಓದುವಾಗ ಇದೆಲ್ಲ ನಾನು ಓದಿದ್ದೇ. ಫೋನಿನಲ್ಲಿ ಜುಲಾಬು ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ, ಅದಕ್ಕೂ ಮೊದಲು ಎಷ್ಟು ದಿನ ಆಗಿರಲಿಲ್ಲ ಎಂದು ಕೇಳುವುದು ನನಗೂ ಹೊಳೆಯಲಿಲ್ಲ. ಇಷ್ಟು ವರ್ಷ ವಾರ್ಡುಗಳಲ್ಲಿ ದುಡಿದವಳಿಗೇ ಹೊಳೆಯದಿದ್ದುದು, ಯಾವ ತರಬೇತಿಯೂ ಇಲ್ಲದೆ ಕೆಲಸಕ್ಕೆ ಸೇರಿದ ಆಯಾಳಿಗೆ ಹೊಳೆಯಬೇಕಿತ್ತೆಂದು ನಾನು ಹೇಗೆ ಹೇಳಲಿ?

ಆಸ್ಪತ್ರೆಯಲ್ಲಿದ್ದ ಆರು ದಿನಗಳಲ್ಲಿ ಹಿಂದಿನ ಎರಡು ತಿಂಗಳು ಮತ್ತೆ ಮತ್ತೆ ನೆನಪಾದವು. ಅಣ್ಣ ಮಧ್ಯಾಹ್ನ ಅಂಗಿ ಮೇಲೆತ್ತಿ, ಶಹಾಬಾದಿ ಫರ್ಸಿಯ ತಣ್ಣನೆಯ ನೆಲಕ್ಕೆ ಹೊಟ್ಟೆ ಒತ್ತಿ ಬೋರಲು ಮಲಗುತ್ತಿದ್ದ. ಎಬ್ಬಿಸಹೋದರೆ ಮುಷ್ಟಿಯಿಂದ ತನ್ನ ತೊಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದ. ಸೆಕೆಗೆ ನೆಲದ ಮೇಲೆ ಮಲಗುತ್ತಾನೆ ಎಂದು ನಾವೆಲ್ಲ ಅಂದುಕೊಂಡೆವು. ಗುದ್ದಿಕೊಳ್ಳುವುದನ್ನು ವಹಿಯಲ್ಲಿ "ಹಟ ಮಾಡುತ್ತಾನೆ" ಎಂದು ಬರೆಯಲಾಗಿತ್ತು. ಆ ಎರಡು ಶಬ್ದಗಳನ್ನು ನೋಡಿ, ತಿಂಗಳಿಗೊಮ್ಮೆ ಬರುವ ವೈದ್ಯರು ಶಾಂತವಾಗಿಡುವ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದರು. ಆ ಮಾತ್ರೆಯಿಂದ ಕೈ ನಡುಗಬಾರದೆಂದು ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದನ್ನು ಸೇರಿಸಿದರು. ಇವೆರಡೂ ಕರುಳಿನ ಚಲನೆಯನ್ನು ತಗ್ಗಿಸುವ ಔಷಧಗಳು. ಹೊಟ್ಟೆ ಕಟ್ಟಿದ್ದಕ್ಕೆ ಅವನು ಗುದ್ದಿಕೊಂಡ, ಗುದ್ದಿಕೊಂಡಿದ್ದಕ್ಕೆ ಮಾತ್ರೆ ಹೆಚ್ಚಾಯಿತು, ಮಾತ್ರೆ ಹೆಚ್ಚಾದದ್ದಕ್ಕೆ ಹೊಟ್ಟೆ ಇನ್ನೂ ಕಟ್ಟಿತು. ನೋವನ್ನು ಹೇಳಲು ಅವನಿಗಿದ್ದದ್ದು ಅದೊಂದೇ ಭಾಷೆ. ಅದನ್ನು ನಾವು ಹಟವೆಂದು ಓದಿದೆವು.

ಇದು ನಮ್ಮ ಮನೆಯೊಂದರ ಸಂಗತಿಯಾಗಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. ವಿಕಲಚೇತನರಿಗೆ ವಯಸ್ಸಾದಂತೆ ಮಲಬದ್ಧತೆಯ ಕಾರಣಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ನಡೆದಾಡುವುದು ಕಡಿಮೆಯಾದರೆ ಕರುಳೂ ನಿಧಾನವಾಗುತ್ತದೆ. ಮೂರ್ಛೆರೋಗದ ಕೆಲವು ಮಾತ್ರೆಗಳು, ಮನೋರೋಗದ ಮಾತ್ರೆಗಳು, ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಸುಣ್ಣದ (ಕ್ಯಾಲ್ಸಿಯಂ) ಮಾತ್ರೆ ಇವೆಲ್ಲ ತಮ್ಮ ತಮ್ಮ ಪಾಲಿನ ಬಿಗಿತವನ್ನು ಸೇರಿಸುತ್ತವೆ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿರುವ ಸ್ಥಿತಿ, ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು, ಮರೆವಿನ ಕಾಯಿಲೆಯೂ ಬೇರೆಯವರಿಗಿಂತ ಬೇಗ ಬರುತ್ತದೆ. ಎರಡೂ ಹೊಟ್ಟೆಯನ್ನು ಕಟ್ಟಿಸುತ್ತವೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ, ಇರುವ ಹಲವರಿಗೆ ನುಂಗುವುದೇ ಕಷ್ಟವಾದ್ದರಿಂದ ಅವರ ಹೊಟ್ಟೆಗೆ ಹೋಗುವ ನೀರೇ ಕಡಿಮೆ.

ಬೆನ್ನುಹುರಿಗೆ ಪೆಟ್ಟು ಬಿದ್ದವರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮರದಿಂದಲೋ ಕಟ್ಟಡದಿಂದಲೋ ಬಿದ್ದು ಸೊಂಟದ ಕೆಳಗೆ ಅರಿವು ಕಳೆದುಕೊಂಡವರಿಗೆ ಮಲ ಬಂದದ್ದೇ ತಿಳಿಯುವುದಿಲ್ಲ. ದಿನ ಬಿಟ್ಟು ದಿನವಾದರೂ ನಿಗದಿತ ಹೊತ್ತಿನಲ್ಲಿ, ಕಲಿತವರ ಕೈಯಿಂದ ಅವರ ಕರುಳನ್ನು ಖಾಲಿ ಮಾಡಿಸಬೇಕಾಗುತ್ತದೆ. ಪೆಟ್ಟು ಎದೆಯ ಆರನೆಯ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಇದ್ದರೆ, ಕಟ್ಟಿದ ಹೊಟ್ಟೆಯೊಂದೇ ಸಾಕು, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿ, ತಲೆ ಸಿಡಿಯುವಂತಾಗಿ, ಮುಖ ಕೆಂಪೇರಿ ಬೆವರಿಳಿದು ಜೀವಕ್ಕೇ ಅಪಾಯವಾಗುತ್ತದೆ. ಅಂಥವರು ತಲೆನೋವು ಎಂದಾಗ ಮಾತ್ರೆ ಕೊಟ್ಟು ಮಲಗಿಸಬಾರದು, ಕೂರಿಸಬೇಕು, ಕೂಡಲೇ ವೈದ್ಯರನ್ನು ಕರೆಯಬೇಕು ಎಂಬುದನ್ನು ಅವರ ಮಂಚದ ಪಕ್ಕದಲ್ಲೇ ಬರೆದು ಅಂಟಿಸುವುದಕ್ಕೆ ಖರ್ಚೇನೂ ಇಲ್ಲ.

ಮಲಬದ್ಧತೆಯಿಂದ ಸಾವೂ ಬರುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ಇಂಗ್ಲೆಂಡಿನ ಸಫೊಕ್ ಸೀಮೆಯಲ್ಲಿ ಆರೈಕೆಯ ವಸತಿಯಲ್ಲಿದ್ದ, ಡೌನ್ ಸಿಂಡ್ರೋಮ್‌ನ 33 ವರ್ಷದ ಒಬ್ಬಾತ 2012ರಲ್ಲಿ ಇದರ ತೊಡಕಿನಿಂದಲೇ ತೀರಿಕೊಂಡ. ಅವನ ಹೊಟ್ಟೆಯ ತೊಂದರೆ ಚಿಕ್ಕಂದಿನಿಂದ ಮನೆಯವರಿಗೆ ಗೊತ್ತಿದ್ದದ್ದೇ. ಅಲ್ಲಿ ಆ ಸಾವಿನ ಬಗ್ಗೆ ಸಾರ್ವಜನಿಕ ವಿಚಾರಣೆಯಾಗಿ 2018ರಲ್ಲಿ ತೀರ್ಮಾನ ಹೊರಬಂತು. ನಮ್ಮಲ್ಲಿ ಅಂಥ ಸಾವನ್ನು "ವಾಂತಿ ಭೇದಿಯಾಗಿ ಹೋದ" ಎಂದು ಬರೆದು ಕಡತ ಮುಚ್ಚಿದರೆ ಕೇಳುವವರು ಯಾರು?

ಇನ್ನು ನಮ್ಮ ನೆಲದ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿಯನ್ನು ದಾಟಿ ನಿಲ್ಲುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕಡಿಮೆ. ಅರಿವಾದರೂ ಕೇಳಲು ಬಾರದವರು, ಎದ್ದು ಹೋಗಿ ಕೊಡದಿಂದ ತುಂಬಿಕೊಳ್ಳಲಾಗದವರು ಈ ಕೇಂದ್ರಗಳಲ್ಲಿದ್ದಾರೆ. ಒಂದು ಕಹಿ ಸಂಗತಿಯನ್ನು ಯಾರನ್ನೂ ದೂರದೆ ಹೇಳುತ್ತೇನೆ: ಸಂಜೆ ಐದರ ಮೇಲೆ ನೀರು ಕೊಡುವುದನ್ನು ತಗ್ಗಿಸುವ ರೂಢಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ಪಾಳಿಯಲ್ಲಿ 16 ಜನರಿಗೆ ಒಬ್ಬಳೇ ಆಯಾ ಇದ್ದಳು. ಹಾಸಿಗೆ ಒದ್ದೆಯಾದರೆ ಎತ್ತಿ, ಒರೆಸಿ, ಬಟ್ಟೆ ಬದಲಿಸಿ, ಹಾಸಿಗೆ ಒಗೆದು ಹಾಕುವವಳು ಅವಳೊಬ್ಬಳೇ. ನೀರು ತಗ್ಗಿಸಬೇಡ ಎಂದು ಅವಳಿಗೆ ಹೇಳುವ ಮೊದಲು ರಾತ್ರಿಗೆ ಇನ್ನೊಬ್ಬಳನ್ನು ಕೊಡಬೇಕು. ದಿನವಿಡೀ ಡೈಪರ್ ಹಾಕಿಬಿಡುವುದೂ ಇದೇ ಕಾರಣಕ್ಕೆ. ಡೈಪರ್ ಇದ್ದವರನ್ನು ಸಂಡಾಸಕ್ಕೆ ಕರೆದೊಯ್ಯುವುದು ನಿಲ್ಲುತ್ತದೆ, ಕೂರುವ ಅಭ್ಯಾಸ ತಪ್ಪಿದ ಮೇಲೆ ಹೊಟ್ಟೆಯೂ ತನ್ನ ಹೊತ್ತನ್ನು ಮರೆಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಸೀಮೆಗೆ ಕೊರತೆಯಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಕಾಳು ಇವೆಲ್ಲ ನಾರಿರುವ ಊಟಗಳೇ. ಆದರೆ ಹಲ್ಲು ಬಿದ್ದವರಿಗೆ ರೊಟ್ಟಿ ಕಡಿಯಲಾಗದೆಂದು ಮೂರು ಹೊತ್ತೂ ಬಿಳಿ ಅನ್ನ, ತೆಳುಸಾರು ಕೊಡುವುದು ವಾಡಿಕೆಯಾಗಿದೆ. ಹಲ್ಲಿನ ಜೊತೆ ನಾರೂ ತಟ್ಟೆಯಿಂದ ಹೋಗುತ್ತದೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ಚೆನ್ನಾಗಿ ನೆನೆಸಿ ಹಿಸುಕಿ ಕೊಡಬಹುದು, ಜೋಳದ ನುಚ್ಚು ಮಾಡಬಹುದು, ಪಪ್ಪಾಯಿ ಹಣ್ಣು ಕೊಡಬಹುದು. ಇದಕ್ಕೂ ಎಚ್ಚರ ಬೇಕು: ನೀರಿಲ್ಲದೆ ನಾರು ಹೆಚ್ಚಿಸಿದರೆ, ಅದರಲ್ಲೂ ಇಸಬಗೋಲನ್ನು ನುಂಗಲು ಕಷ್ಟವಿರುವವರಿಗೆ ಕೊಟ್ಟರೆ, ಗಂಟಲಲ್ಲೋ ಕರುಳಲ್ಲೋ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಔಡಲೆಣ್ಣೆಯ ಮೇಲಿನ ನಮ್ಮ ಹಿರಿಯರ ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಆದರೆ ಆಗಲೇ ಗಟ್ಟಿಯಾಗಿ ಕಟ್ಟಿ ಉಬ್ಬಿದ ಹೊಟ್ಟೆಗೆ ಅದನ್ನು ಹುಯ್ಯುವುದು ಅಪಾಯ. ಮೂತ್ರಪಿಂಡ ಸೋತ ಮುದುಕರಿಗೆ ಅಂಗಡಿಯಿಂದ ತಂದ, ಗುದದ್ವಾರದಿಂದ ಹಾಕುವ ಫಾಸ್ಫೇಟ್ ಎನಿಮಾವನ್ನು ವೈದ್ಯರ ಮಾತಿಲ್ಲದೆ ಮೇಲಿಂದ ಮೇಲೆ ಕೊಡುವುದೂ ಹಾಗೆಯೇ.

ಕೂರುವ ಜಾಗದ ಬಗ್ಗೆ ಎರಡು ಮಾತು. ಉಂಡ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಬೆಳಗಿನ ನಾಷ್ಟಾ ಆಗಿ ಸುಮಾರು 20ರಿಂದ 30 ನಿಮಿಷಗಳಾದ ಮೇಲೆ ಕೂರಿಸಲು ತಕ್ಕ ಹೊತ್ತು. ಅವ್ವ ರೊಟ್ಟಿ ಉಣಿಸಿ ಹಿತ್ತಲಿಗೆ ಕರೆದೊಯ್ಯುತ್ತಿದ್ದುದು ಇದಕ್ಕೇ. ಕೇಂದ್ರದಲ್ಲಿ ನಸುಕಿನ ಐದೂವರೆಗೆ, ಖಾಲಿ ಹೊಟ್ಟೆಯಲ್ಲಿ, ಸಾಲಾಗಿ ಕರೆದೊಯ್ದು ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷ ಕೊಡುತ್ತಿದ್ದರು. ಕಮೋಡ್ ಕುರ್ಚಿಯಲ್ಲಿ ಕೂತ ಅಣ್ಣನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಾಲಡಿಗೆ ಒಂದು ಮಣೆ ಇಟ್ಟು ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿದರೆ ಮಲ ಹೊರಹೋಗುವುದು ಸುಲಭವಾಗುತ್ತದೆ. ಬಾಗಿಲಿಗೆ ಚಿಲಕವೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮಾತು ಬಾರದವನಿಗೆ ನಾಚಿಕೆಯೂ ಇಲ್ಲವೆಂದು ಯಾರು ಹೇಳಿದರು? ಯಾರಾದರೂ ಹಾದುಹೋದಾಗಲೆಲ್ಲ ಅವನು ಎರಡೂ ಕೈಯಿಂದ ಅಂಗಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

ಆಸ್ಪತ್ರೆಯಿಂದ ಮರಳಿದ ದಿನ ನಾನು ಒಂದು ನೂರು ಪುಟದ ನೋಟುಪುಸ್ತಕ ಕೊಂಡು, ಪೆನ್ಸಿಲ್ಲಿಗೆ ದಾರ ಕಟ್ಟಿ ಅವನ ಮಂಚದ ಕಾಲಿಗೆ ತೂಗುಹಾಕಿದೆ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ಪ್ರಕಟಿಸಿದ, ಮಲವನ್ನು ಏಳು ಬಗೆಯಾಗಿ ಗುರುತಿಸುವ ಪಟ್ಟಿಯನ್ನು ಮೊದಲ ಪುಟದಲ್ಲಿ ಚಿತ್ರಗಳ ಸಮೇತ ಬರೆದೆ. ಆಯಾಳಿಗೆ ಓದು ಅಷ್ಟಕ್ಕಷ್ಟೇ. ಚಿತ್ರ ತೋರಿಸುತ್ತಿದ್ದಂತೆ ಮೊದಲನೆಯದಕ್ಕೆ ಅವಳೇ "ಇದು ಆಡಿನ ಹಿಕ್ಕಿ ಇದ್ದಂಗ ಅದ ನೋಡ್ರಿ" ಎಂದಳು, ನಾಲ್ಕನೆಯದಕ್ಕೆ "ಬಾಳಿಹಣ್ಣು" ಎಂದಳು, ಏಳನೆಯದಕ್ಕೆ "ನೀರು". ಒಂದೆರಡು ಬಂದರೆ ಕಟ್ಟಿದೆ, ಮೂರು ನಾಲ್ಕು ಬಂದರೆ ಚೆನ್ನಾಗಿದೆ, ಆರೇಳು ಬಂದರೆ ಯಾಕೆಂದು ನೋಡಬೇಕು, ಅದಕ್ಕೂ ಮೊದಲು ಕೆಲವು ದಿನ ಆಗಿಯೇ ಇರಲಿಲ್ಲವೇ ಎಂದು ಹಿಂದಿನ ಪುಟ ತಿರುವಬೇಕು. ಇಷ್ಟನ್ನು ಅವಳು ಒಂದು ಸಂಜೆಯಲ್ಲಿ ಕಲಿತಳು. ಆಗದ ದಿನಕ್ಕೆ ಒಂದು ಸೊನ್ನೆ. ಕುಡಿದ ನೀರಿನ ಲೋಟಕ್ಕೆ ಒಂದೊಂದು ಗೀಟು. ಆರು ವಾರದ ಆ ಸೊನ್ನೆಗಳನ್ನೂ ಗೀಟುಗಳನ್ನೂ ನೋಡಿಯೇ ವೈದ್ಯರು ಹೆಚ್ಚಿಸಿದ್ದ ಮಾತ್ರೆಯನ್ನು ಮತ್ತೆ ಇಳಿಸಿದರು, ದಿನಾ ಕೊಡಬೇಕಾದ ಮಲ ಮೆದುವಾಗಿಸುವ ಔಷಧದ ಪ್ರಮಾಣವನ್ನು ಗೊತ್ತುಮಾಡಿದರು. ಅಣ್ಣ ಈಗಲೂ ಒಮ್ಮೊಮ್ಮೆ ಫರ್ಸಿಯ ಮೇಲೆ ಬೋರಲು ಮಲಗುತ್ತಾನೆ. ಆಗ ಆಯಾ ಮೊದಲು ನೋಟುಪುಸ್ತಕ ತೆಗೆಯುತ್ತಾಳೆ.

ಅವನ ಪಕ್ಕದ ಮಂಚಗಳಿಗೆ ಅಂಥ ಪುಸ್ತಕವಿಲ್ಲ. ಅವರಲ್ಲಿ ಹಲವರಿಗೆ ಬಂದು ನೋಡುವ ಅಕ್ಕ ತಂಗಿಯರೂ ಇಲ್ಲ. ಅದಕ್ಕಾಗಿ ತಮ್ಮನ್ನು ಕೇಳುತ್ತಿದ್ದೇನೆ.

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿಯಿಲ್ಲದೆ ನಡೆಯುವಂತಿಲ್ಲ, ಸರಕಾರ ಗೊತ್ತುಮಾಡಿದ ಸೌಲಭ್ಯ ಮತ್ತು ಗುಣಮಟ್ಟ ಇದ್ದರೆ ಮಾತ್ರ ಆ ನೋಂದಣಿ ಸಿಗಬೇಕು. ಅದೇ ಅಧಿನಿಯಮದ 25ನೇ ಕಲಮು ವಿಕಲಚೇತನರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಹೀಗಿರುವಾಗ ತಪಾಸಣೆಯ ನಮೂನೆಯಲ್ಲಿ, ಪ್ರತಿಯೊಬ್ಬ ನಿವಾಸಿಯ ಮಲವಿಸರ್ಜನೆಯ ದಿನವಹಿ ಇದೆಯೇ ಎಂಬ ಒಂದು ಪ್ರಶ್ನೆಯನ್ನು ಸೇರಿಸಲು ತಮಗೆ ಹೊಸ ಕಾನೂನು ಬೇಕಿಲ್ಲ. ಮೂರು ದಿನ ಆಗದಿದ್ದರೆ ದಾದಿಗೋ ವೈದ್ಯರಿಗೋ ತಿಳಿಸಲೇಬೇಕು ಎಂಬ ಲಿಖಿತ ಸೂಚನೆ ಹೊರಡಲಿ. ಕಟ್ಟಿದ ಹೊಟ್ಟೆಯ ನಂತರ ತೆಳ್ಳಗೆ ಆಗತೊಡಗಿದರೆ ಪರೀಕ್ಷೆ ಮಾಡಿಸದೆ ಭೇದಿ ನಿಲ್ಲಿಸುವ ಮಾತ್ರೆ ಕೊಡಬಾರದು ಎಂಬುದೂ ಅದರಲ್ಲಿರಲಿ. ವಾಂತಿ, ಹೊಟ್ಟೆಯುಬ್ಬರ, ಮಲದಲ್ಲಿ ರಕ್ತ, ಗಾಳಿಯೂ ಹೋಗದಿರುವುದು ಇವುಗಳಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯಕೂಡದು. ಯಾರದಾದರೂ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದಾಗ, ಶಾಂತವಾಗಿಡುವ ಮಾತ್ರೆಯನ್ನು ಏರಿಸುವ ಮುನ್ನ ಹೊಟ್ಟೆಯನ್ನು ಮುಟ್ಟಿ ನೋಡಿದ್ದೇವೆ ಎಂದು ವೈದ್ಯರು ಬರೆದು ಸಹಿ ಮಾಡಲಿ. ಇದೊಂದಾದರೆ ಉಳಿದದ್ದರ ಅರ್ಧ ಆದಂತೆ ಎಂದು ನನ್ನ ಅನುಭವ ಹೇಳುತ್ತದೆ.

ಹಣದ ಮಾತೂ ಬರುತ್ತದೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ರಸ್ತೆ, ಕಟ್ಟಡಗಳ ಜೊತೆಗೆ ಈ ಕೇಂದ್ರಗಳಿಗೆ ತಕ್ಕ ಎತ್ತರದ ಕಮೋಡ್ ಕುರ್ಚಿ, ಕಾಲ್ಮಣೆ, ಬಾಗಿಲಿಗೆ ಪರದೆ, ಕೈಗವಸು ಮತ್ತು ರಾತ್ರಿ ಪಾಳಿಗೆ ಎರಡನೆಯ ಆಯಾಳ ಸಂಬಳ ಕೊಡಿಸುವಂತೆ ಜಿಲ್ಲಾಡಳಿತ ಕೇಳಬೇಕೆಂದು ಕೋರುತ್ತೇನೆ. ಆಯಾಗಳ ಸಂಬಳವೂ ಏರಬೇಕು. ದಿನಾ ಮಲ ತೊಳೆಯುವ ಕೈಗಳಿಗೆ ಗೊತ್ತಿರುವುದು ತಿಂಗಳಿಗೊಮ್ಮೆ ಬಂದುಹೋಗುವ ನಮ್ಮಂಥವರಿಗೆ ಗೊತ್ತಿರುವುದಿಲ್ಲ.

ತರಬೇತಿಗೆ ಅರ್ಧ ದಿನ ಸಾಕು. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ, ಚಿಂಚೋಳಿ ಯಾವ ತಾಲೂಕಿಗೆ ಕರೆದರೂ ನನ್ನ ಖರ್ಚಿನಲ್ಲೇ ಬಂದು, ಕೇಂದ್ರದ ಸಿಬ್ಬಂದಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಹೇಳಿಕೊಡಲು ಸಿದ್ಧಳಿದ್ದೇನೆ. ನನ್ನ ಜೊತೆ ಅಣ್ಣನ ಆಯಾಳೂ ಬರುತ್ತೇನೆಂದಿದ್ದಾಳೆ; ಏಳು ಚಿತ್ರಗಳನ್ನು ನನಗಿಂತ ಚೆನ್ನಾಗಿ ವಿವರಿಸುವವಳು ಅವಳೇ. ಬಿಸಿಲು ಏರುವ ಮುನ್ನ, ಬರುವ ಫೆಬ್ರವರಿಯೊಳಗೆ ಮೊದಲ ತರಬೇತಿ ಆಗಲಿ ಎಂಬುದು ನನ್ನ ಕೋರಿಕೆ. ಅಣ್ಣನ ನೋಟುಪುಸ್ತಕದ ನೆರಳಚ್ಚು ಪ್ರತಿಯನ್ನು ಈ ಪತ್ರದ ಜೊತೆ ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ.

ಇತಿ,
ಒಬ್ಬ ನಿವೃತ್ತ ಶುಶ್ರೂಷಕಿ, ಕೇಂದ್ರದ ನಿವಾಸಿಯೊಬ್ಬರ ತಂಗಿ
ಕಲಬುರಗಿ